ನೂಲು ಕಟ್ಟಿದ ಸೀಸೆ

ನಮ್ಮ ಮನೆಯಲ್ಲಿ ಸೀಸೆಗಳು ಸಾಯುತ್ತಿರಲಿಲ್ಲ, ಕೆಲಸ ಬದಲಾಯಿಸುತ್ತಿದ್ದವು. ಔಷಧಿ ಮುಗಿದರೆ ಹರಳೆಣ್ಣೆಗೆ, ಹಾರ್ಲಿಕ್ಸ್ ಮುಗಿದರೆ ಉಪ್ಪಿನಕಾಯಿಗೆ. ಏನನ್ನೂ ಬಿಸಾಡದ ಸಂಸಾರ ನನ್ನದು ಎಂಬ ಜಂಬ ಬೇಕಾದಷ್ಟಿತ್ತು. ಎಪ್ಪತ್ತೆಂಟನೇ ಇಸವಿಯಲ್ಲಿ ನಾನು ಮುಳಬಾಗಿಲಿನಲ್ಲಿ ಟೀಚರ್. ಬಿಸಾಡುವವರು ಸೋಮಾರಿಗಳು ಎಂದು ಮಕ್ಕಳಿಗೂ ಪಾಠ ಹೇಳುತ್ತಿದ್ದೆ.

ಎಣ್ಣೆಗೆ ಆಗ ಮನೆಯಿಂದಲೇ ಸೀಸೆ ಒಯ್ಯಬೇಕಿತ್ತು. ನನ್ನ ಬಳಿ ಒಂದೇ ಅಳತೆಯ, ಒಂದೇ ಬಣ್ಣದ ಎರಡಿದ್ದವು. ಒಂದು ಮುನಿಯಲ್ಲಮ್ಮನ ಅಂಗಡಿಗೆ, ಕಡಲೆಕಾಯಿ ಎಣ್ಣೆ ತರಲು. ಇನ್ನೊಂದು ಡಿಪೋಗೆ, ಸೀಮೆಎಣ್ಣೆ ತರಲು. ಗುರುತಿಗೆ ಸೀಮೆಎಣ್ಣೆಯದರ ಕತ್ತಿಗೆ ಕೆಂಪು ನೂಲು ಕಟ್ಟಿದ್ದೆ.

ಮುನಿಯಲ್ಲಮ್ಮ ಗಂಡ ಸತ್ತ ಮೇಲೆ ಗಾಣದ ಎಣ್ಣೆ ತಂದು ಮಾರಿ ಬದುಕುತ್ತಿದ್ದವಳು. ನನಗಿಂತ ಹತ್ತು ವರ್ಷ ದೊಡ್ಡವಳು. ಆದರೂ ನಾನು ಅವಳನ್ನು ನೀನು ಅನ್ನುತ್ತಿದ್ದೆ, ಅವಳು ನನ್ನನ್ನು ನೀವು ಅನ್ನುತ್ತಿದ್ದಳು. ಸೀಸೆಗೆ ಲಾಳಿಕೆ ಇಟ್ಟು, ಅಳೆದು ಹೊಯ್ದು, ಮೇಲೊಂದಿಷ್ಟು ಕೊಸರು ಹಾಕದೆ ಯಾರನ್ನೂ ಕಳಿಸಿದವಳಲ್ಲ.

ಒಂದು ದಿನ ಅವಳಲ್ಲಿಂದ ತಂದ ಎಣ್ಣೆಯಲ್ಲಿ ಹುಳಿಗೆ ಒಗ್ಗರಣೆ ಕೊಟ್ಟೆ. ಮನೆಯೆಲ್ಲ ಸೀಮೆಎಣ್ಣೆಯ ನಾತ. ಹುಳಿಯನ್ನು ಚರಂಡಿಗೆ ಸುರಿಯಬೇಕಾಯಿತು. ಬಿಸಾಡಿ ಗೊತ್ತಿಲ್ಲದ ಕೈ, ಸಿಟ್ಟು ನೆತ್ತಿಗೇರಿತು. ಅವತ್ತು ಸಂತೆ. ಸೀಸೆ ಹಿಡಿದುಕೊಂಡು ನೆಟ್ಟಗೆ ಅಂಗಡಿಗೆ ಹೋದೆ. ಬೈರಕೂರಿನ ಕಡೆಯ ಹಳ್ಳಿಯವರೆಲ್ಲ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು.

"ಎಣ್ಣೆಗೆ ಸೀಮೆಎಣ್ಣೆ ಬೆರೆಸ್ತೀಯಾ? ಮಕ್ಕಳುಮರಿ ತಿನ್ನೋ ಅನ್ನಕ್ಕೆ?" ಎಂದು ತರಗತಿಯ ಗಂಟಲಲ್ಲೇ ಕೂಗಿದೆ.

ಅವಳು ಸೀಸೆ ತೆಗೆದುಕೊಂಡು ಮೂಸಿದಳು. ನನ್ನ ಮುಖ ನೋಡಿದಳು. "ಬೇರೆ ಸೀಸೆ ತಂದ್ಬಿಡಿ ಟೀಚರಮ್ಮ, ಬೇರೆ ಎಣ್ಣೆ ಹಾಕ್ಕೊಡ್ತೀನಿ" ಎಂದಳು, ಮೆಲ್ಲಗೆ.

"ನೋಡ್ರಪ್ಪಾ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಳು!" ಎಂದೆ ನಾನು.

ಸಾಲಿನ ಮುಂದಿದ್ದ ಬೈರಕೂರಿನ ನರಸಿಂಹಪ್ಪ ಆಗತಾನೇ ತುಂಬಿಸಿದ್ದ ಕ್ಯಾನನ್ನು ವಾಪಸ್ ಪೀಪಾಯಿಗೆ ಸುರಿದು ಹೊರಟ. ಹಿಂದಿನವರೂ ಒಬ್ಬೊಬ್ಬರಾಗಿ ಹೋದರು. ಅನ್ಯಾಯ ಬಯಲಿಗೆಳೆದೆನೆಂಬ ಹೆಮ್ಮೆಯಲ್ಲಿ ನಾನು ಮನೆಗೆ ಬಂದೆ.

ನಾಲ್ಕು ದಿನದ ಮೇಲೆ ನೂಲಿನ ಸೀಸೆಯಲ್ಲಿ ಡಿಪೋದಿಂದ ಸೀಮೆಎಣ್ಣೆ ತಂದು ಸ್ಟೌವಿಗೆ ಹಾಕಿದೆ. ಬತ್ತಿ ಹೊಗೆಯಾಡಿತೇ ಹೊರತು ಸರಿಯಾಗಿ ಉರಿಯಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದೆ. ತಳದ ಮೂಲೆಯಲ್ಲಿ ಹಳದಿ ಜಿಡ್ಡು. ಬೆರಳಿಗೆ ಹಚ್ಚಿ ಮೂಸಿದರೆ ಕಡಲೆಕಾಯಿ ಎಣ್ಣೆ. ಆಗ ನೆನಪಾಯಿತು. ಹಿಂದಿನ ವಾರ ಎರಡೂ ಸೀಸೆಗಳನ್ನು ಬೂದಿ ಹಾಕಿ ತೊಳೆಯುವಾಗ ನೂಲು ಬಿಚ್ಚಿದ್ದೆ. ಮತ್ತೆ ಕಟ್ಟುವಾಗ ತಪ್ಪು ಸೀಸೆಗೆ ಕಟ್ಟಿದ್ದೆ. ಮುನಿಯಲ್ಲಮ್ಮ ಒಳ್ಳೆಯ ಎಣ್ಣೆಯನ್ನೇ ಕೊಟ್ಟಿದ್ದಳು, ಅದನ್ನು ಸೀಮೆಎಣ್ಣೆ ಸೀಸೆಗೆ ಹೊಯ್ಯಿಸಿಕೊಂಡವಳು ನಾನು. ನಾಚಿಕೆಗೆ ಮೈಯೆಲ್ಲ ಬಿಸಿಯಾಯಿತು.

ಹೋಗಿ ಹೇಳಿದೆನೇ? ಇಲ್ಲ. ಎರಡು ವಾರ ಶಾಲೆಗೆ ಸುತ್ತು ದಾರಿ ಹಿಡಿದೆ. ಅವಳ ಅಂಗಡಿ ಮುಚ್ಚುವ ಹಾಗಿದೆ ಎಂದು ಯಾರೋ ಹೇಳಿದ ಮೇಲೆ, ಒಂದು ಭಾನುವಾರದ ಮಟಮಟ ಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತು ನೋಡಿ ಹೋದೆ. ಎಲ್ಲ ಹೇಳಿ ತಲೆತಗ್ಗಿಸಿ ನಿಂತೆ.

"ಗೊತ್ತಿತ್ತು. ಮೂಸಿದಾಗ್ಲೇ ಗೊತ್ತಾಯ್ತು" ಎಂದಳು ಮುನಿಯಲ್ಲಮ್ಮ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಟೀಚರಮ್ಮನ ಸೀಸೇದೇ ತಪ್ಪು ಅಂತ ಎಣ್ಣೆ ಮಾರೋಳು ಹೇಳಿದ್ರೆ ಯಾರು ನಂಬ್ತಾರೆ?" ಅವಳು ಪೀಪಾಯಿಯ ಬಾಯಿ ಒರೆಸುತ್ತಿದ್ದಳು. "ಬೈಯೋಕೆ ಸಂತೆ ದಿನ ಬಂದ್ರಿ. ತಪ್ಪು ಅನ್ನೋಕೆ ಯಾರೂ ಇಲ್ಲದ ಹೊತ್ತು ನೋಡ್ಕೊಂಡು ಬಂದಿದೀರ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ನಿಜ.

ಮುಂದಿನ ಸಂತೆಯ ದಿನ ಹೋದೆ. ಅವಳ ಅಂಗಡಿ ಖಾಲಿ, ಎದುರಿನ ಟೀ ಅಂಗಡಿ ತುಂಬ ಜನ. ಅವಳ ಕಟ್ಟೆಯ ಮೇಲೆ ನಿಂತು ಹೇಳಿಯೇಬಿಟ್ಟೆ. "ಕೇಳ್ರಪ್ಪಾ, ಮುನಿಯಲ್ಲಮ್ಮಂದು ಏನೂ ತಪ್ಪಿಲ್ಲ. ಸೀಮೆಎಣ್ಣೆ ಇದ್ದಿದ್ದು ನನ್ನ ಸೀಸೇಲಿ. ಸುಮ್ಮಸುಮ್ಮನೆ ಬೈದೆ. ತಪ್ಪು ನಂದು."

ನರಸಿಂಹಪ್ಪ ಎದ್ದು ಬಂದು ನನಗೆ ಕೈಮುಗಿದ.

"ಎಂಥಾ ಪೆದ್ದ ಮನಸಮ್ಮಾ ನಿಮ್ದು! ಗಂಡ ಇಲ್ಲದ ಹೆಂಗಸಿನ ಹೊಟ್ಟೆ ಮೇಲೆ ಹೊಡೀಬಾರ್ದು ಅಂತ ಅವಳ ತಪ್ಪು ತಮ್ಮ ಮೇಲೆ ಹಾಕ್ಕೊಂಡ್ರಿ."

ಅವರ ಕಡೆ ಮಾತಿನಲ್ಲಿ ಬೆರೆಯುವ ತೆಲುಗಿನಲ್ಲಿ ಪೆದ್ದ ಎಂದರೆ ದೊಡ್ಡದು. ನನ್ನ ಕಿವಿಗೆ ಅದು ಕನ್ನಡದ ಪೆದ್ದಾಗಿಯೇ ಬಿತ್ತು.

"ಇಲ್ಲಪ್ಪಾ, ನಿಜವಾಗ್ಲೂ ನನ್ನದೇ ತಪ್ಪು" ಎಂದೆ.

"ನೋಡಿದ್ರಾ, ಇನ್ನೂ ಬಿಟ್ಟುಕೊಡ್ತಿಲ್ಲ!" ಎಂದು ಯಾರೋ ಮೆಚ್ಚಿಕೊಂಡರು. ನಾನು ಹೇಳಿದಷ್ಟೂ ನನ್ನ ಮರ್ಯಾದೆ ಏರುತ್ತಲೇ ಹೋಯಿತು. ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದ ಜನ, ನಿಜವನ್ನು ಎಷ್ಟು ಹೇಳಿದರೂ ನಂಬಲಿಲ್ಲ.

"ಟೀಚರಮ್ಮನ ಮುಖ ನೋಡಿ ಈ ಸಲ ಬಿಟ್ಟಿದೀವಿ" ಎಂದ ನರಸಿಂಹಪ್ಪ, ಮುನಿಯಲ್ಲಮ್ಮನ ಕಡೆ ತಿರುಗಿ. "ಕಾಲಿಗೆ ಬೀಳು. ಇನ್ಮೇಲಾದ್ರೂ ನ್ಯಾಯವಾಗಿ ಮಾರು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಸಂತೆಯ ಜನರೆಲ್ಲ ನೋಡುತ್ತಿದ್ದಂತೆ ಬಗ್ಗಿ ನನ್ನ ಪಾದ ಹಿಡಿದಳು. ಬೇಡ, ಬೇಡ ಎಂದು ನಾನು ಅವಳ ತೋಳು ಹಿಡಿದು ಎತ್ತಲು ಹೋದೆ.

"ಸಾಕು, ಸುಮ್ನಿರಿ ಟೀಚರಮ್ಮ" ಎಂದಳು ಅವಳು ತಲೆ ಎತ್ತದೆ, ನನಗೊಬ್ಬಳಿಗೇ ಕೇಳುವಂತೆ. "ಜನ ಮತ್ತೆ ಕ್ಯಾನು ತಗೊಂಡು ಬರ್ತಾವ್ರೆ."