ಮಿಡಿಗೇಶಿ ಇಳಿಜಾರಿನಲ್ಲಿ ಚಿಕ್ಕಕ್ಕ ಹಿಡಿದ ಬ್ರೇಕು

ಮದುವೆಯಾಗಿ ಇಷ್ಟು ವರ್ಷವಾದರೂ ಚಿಕ್ಕಕ್ಕ ಗಂಡ ಜುಂಜಪ್ಪ ಓಡಿಸುವ ಲಾರಿ ಹತ್ತಿರಲಿಲ್ಲ. ಆ ದಿನ ಮಧುಗಿರಿಯಲ್ಲಿ ತಂಗಿ ಸರಸಮ್ಮನ ಮಗುವಿಗೆ ಹೆಸರಿಡುವ ಶಾಸ್ತ್ರ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸು ನಿಂತಿತ್ತು. ಇದ್ದಿಲ ಗ್ಯಾಸಿನಲ್ಲಿ ಓಡುವ ಜುಂಜಪ್ಪನ ಲಾರಿಯೇ ಗತಿ. ಕ್ಲೀನರ್ ಮರುಳಸಿದ್ದಯ್ಯನಿಗೆ ಜ್ವರ. ಅವನ ಜಾಗದಲ್ಲಿ ಚಿಕ್ಕಕ್ಕ ತಂಬಿಟ್ಟಿನ ಡಬ್ಬಿ ಹಿಡಿದು ಕೂತಳು. ಹಿಂದೆ ಕಡಲೆಕಾಯಿ ಮೂಟೆಗಳು ಬೆಟ್ಟದಂತೆ ಪೇರಿಕೊಂಡಿದ್ದವು.

ಪಾವಗಡ ಬಿಟ್ಟಲ್ಲಿಂದ ಅವಳಿಗೆ ಒಂದೇ ತಕರಾರು. ಏರಿನಲ್ಲಿ ಲಾರಿ ಉಬ್ಬಸದವರಂತೆ ತೆವಳಿತು, ಹೋಗಲಿ. ಮಿಡಿಗೇಶಿಗೆ ಮುಂಚಿನ ಇಳಿಜಾರಿನಲ್ಲೂ ಜುಂಜಪ್ಪ ದಿಬ್ಬದ ನೆತ್ತಿಯಲ್ಲೇ ಗೇರು ಇಳಿಸಿಕೊಂಡು ನಿಧಾನವಾಗಿ ಹೊರಟ.

“ಬುಟ್ರೆ ತಾನೇ ಓಡ್ತದೆ. ಇಂಗೆ ಹೋದ್ರೆ ಮಗೀಗೆ ಮೀಸೆ ಬಂದ್ಮೇಲೆ ಹೆಸರಿಡ್ಬೇಕಾಯ್ತದೆ!”

“ಓಡ್ಸೋದು ಯಾರ್ ಬೇಕಾದ್ರೂ ಕಲೀತಾರೆ ಕಣೆ, ನಿಲ್ಸೋದೇ ಕಷ್ಟ. ಹಿಂದ್ಗಡೆ ಭಾರ ತಳ್ತಾ ಇರ್ತದೆ. ಬರೀ ಬ್ರೇಕ್ ತುಳೀತಾ ಹೋದ್ರೆ ಅದು ಕಾದು ಸೋತ್ಬುಡ್ತದೆ. ಅದಕ್ಕೇ ಇಂಜಿನ್ನೇ ಹಿಡ್ಕೊಂಡು ಇಳೀಲಿ ಅಂತ.”

ಚಿಕ್ಕಕ್ಕ ಮೂಗು ಮುರಿದಳು.

ತಿರುವು ದಾಟಿದ್ದೇ ಕೆಳಗೆ ರಸ್ತೆ ತುಂಬ ಕುರಿ, ನಡುವೆ ಒಬ್ಬ ಮುದುಕ. ಜುಂಜಪ್ಪ ಬ್ರೇಕ್ ತುಳಿದ. ಅಡಿಯಲ್ಲೆಲ್ಲೋ ಠಣ್ಣೆಂದಿತು, ಪೆಡಲು ಸೀದಾ ನೆಲಕ್ಕೆ ಹೋಯಿತು. ಬ್ರೇಕಿನ ಸರಳು ತುಂಡಾಗಿತ್ತು. ಅವನ ಹಣೆಯಲ್ಲಿ ಬೆವರೊಡೆದದ್ದನ್ನು ಚಿಕ್ಕಕ್ಕ ಕಂಡಳು. ಆದರೆ ದನಿ, ಮನೆಯಲ್ಲಿ ನೀರು ಕೇಳುವಾಗಿನದೇ.

“ಚಿಕ್ಕಿ, ಪಕ್ಕದಾಗೆ ಉದ್ದನೆ ಹಿಡಿ ಐತಲ್ಲ, ಹ್ಯಾಂಡ್ ಬ್ರೇಕು, ಎರಡು ಕೈಲೂ ಹಿಡ್ಕೊ. ಒಂದೇ ಸಲ ಜಗ್ಗಬ್ಯಾಡ. ಬಾವಿಯಿಂದ ತುಂಬಿದ ಕೊಡ ಸೇದ್ತೀಯಲ್ಲ, ಅಂಗೆ ಎಳಿ.”

ಅವಳು ಎಳೆದಳು. ಅವನು ಹಾರನ್ ಒತ್ತುತ್ತಲೇ ಒಂದನೇ ಗೇರಿಗೆ ಹಾಕಿದ. ಇಂಜಿನ್ ಅರಚಿತು, ಮೂಟೆಗಳು ನರಳಿದವು, ಸುಟ್ಟ ವಾಸನೆ ಮೂಗಿಗೆ ಬಡಿಯಿತು. “ಇನ್ನೊಂಚೂರು... ಬುಡಬ್ಯಾಡ!” ಕುರಿಗಳು ಹತ್ತಿರವಾದವು. ವೇಗ ಕುಗ್ಗಿದ ಕೂಡಲೇ ಜುಂಜಪ್ಪ ರಸ್ತೆ ಬದಿಯ ಹಳ್ಳದ ಮರಳಿಗೆ ಲಾರಿ ತಿರುಗಿಸಿದ. ಗಾಲಿ ಹೂತವು. ಲಾರಿ ಒಮ್ಮೆ ಒಲೆದು ನಿಂತಿತು.

ಚಿಕ್ಕಕ್ಕನ ಕೈ ಮಾತ್ರ ಹಿಡಿಯನ್ನು ಬಿಡಲಿಲ್ಲ. ಜುಂಜಪ್ಪ ಒಂದೊಂದೇ ಬೆರಳು ಬಿಡಿಸಿದ. “ಸಾಕು ಕಣೆ. ನಿಂತೈತೆ.” ಆಗ ಅವಳಿಗೆ ಅಳು ಬಂತು, ಅಳುವಿನಲ್ಲೇ ನಗುವೂ.

ಕುರಿ ಕಾಯುವ ಮುದುಕ ಕೋಲೆತ್ತಿಕೊಂಡೇ ಬಂದ. “ಯಾವನ್ಲಾ ಅವ್ನು, ಓಡ್ಸಿದ್ದು?”

“ಓಡ್ಸಿದ್ದು ನಾನು ಕಣಜ್ಜ,” ಎಂದ ಜುಂಜಪ್ಪ. “ನಿಲ್ಸಿದ್ದು ಇವಳು.”

ಮುದುಕ ಅವಳನ್ನೇ ನೋಡಿ ಕೋಲಿಳಿಸಿದ. ಮಿಡಿಗೇಶಿಯಿಂದ ಜನ ಕರೆತಂದು ಲಾರಿ ಎಳೆಸಿದವನೂ ಅವನೇ.

ಕುಲುಮೆಯಲ್ಲಿ ಸರಳು ಬೆಸೆಸಿಕೊಂಡು ಮಧುಗಿರಿ ಸೇರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಸರಸಮ್ಮ ಮುಖ ಊದಿಸಿಕೊಂಡಿದ್ದಳು. ಅಕ್ಕ ಮಗುವಿಗೆ ಕೈ ಚಾಚಿದಾಗ ಅಂಗೈ ತುಂಬ ಬೊಬ್ಬೆ ಕಂಡು ಅವಳ ಮುನಿಸು ಇಳಿಯಿತು. ಜುಂಜಪ್ಪ ಪಡಸಾಲೆಯಲ್ಲಿ ಕೂತು ನಡೆದದ್ದನ್ನು ಹೇಳತೊಡಗಿದ. ಹೇಳುತ್ತ ಹೇಳುತ್ತ ಇಳಿಜಾರು ಕಡಿದಾಯಿತು, ಕುರಿಗಳು ಸಾವಿರವಾದವು, ಹೆಂಡತಿಯ ತೋಳು ಭೀಮನದಾಯಿತು. ಚಿಕ್ಕಕ್ಕ ಮಗುವನ್ನು ತಟ್ಟುತ್ತ, ಒಂದಕ್ಕೂ ಅಡ್ಡ ಹೇಳದೆ ಕೇಳಿಸಿಕೊಂಡಳು.