ಬೆಲ್ಟ್ ಬಿಚ್ಚಿದ ಮೆಷೀನು

"ಬಲಗೈ ಮೊದ್ಲು ತೂರಿಸೇ, ಅದು ಬಗ್ಗಲ್ಲ," ಎಂದಳು ಚಿಕ್ಕಮ್ಮ.

ಮಗಳು ಅಮ್ಮನ ತಣ್ಣಗಾಗಿದ್ದ ಕೈಯನ್ನು ರವಿಕೆಯ ತೋಳಿನೊಳಗೆ ನಿಧಾನವಾಗಿ ತೂರಿಸಿದಳು. ಮಣಿಕಟ್ಟಿನಲ್ಲಿ ಉಬ್ಬಿದ್ದ ಮೂಳೆಗೆ ಬಟ್ಟೆ ಸಿಕ್ಕಿಕೊಂಡಿತು. ಒಂದೂವರೆ ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಮುರಿದದ್ದು. ಕೂಡಿತ್ತು, ತುಸು ಸೊಟ್ಟಗೆ. ಇನ್ನು ನೋಯುವುದಿಲ್ಲವೆಂದು ಗೊತ್ತಿದ್ದೂ ಅವಳು ಅಲ್ಲಿ ಮೆಲ್ಲಗೆ ಊದಿದಳು. ಓಣಿಯ ಅರ್ಧ ಜನರ ಬಟ್ಟೆ ಹೊಲಿದ ಕೈ ಅದು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವವನು ಕೊನೆಯ ದರ್ಶನಕ್ಕೆಂದು ಬಂದು ಬಾಗಿಲಲ್ಲಿ ನಿಂತಿದ್ದ. ಅಮ್ಮ ಅವನನ್ನು ಗಾರೆ ಮೇಸ್ತ್ರಿ ಎಂದೇ ಕರೆಯುತ್ತಿದ್ದಳು.

"ಕೈ ಕೂಡ್ತಲ್ಲ, ಇನ್ನು ಅದಕ್ಕೆ ಕೆಲಸ ಕೊಡಿ ಅಂತ ಡಾಕ್ಟ್ರು ಬಡ್ಕೊಂಡ್ರು," ಎಂದ ಅವನು. "ಎರಡನೇ ಸಲ ಮೂಳೆ ಪರೀಕ್ಷೆ ಮಾಡಿದಾಗ ಸಾಂದ್ರತೆ ಇನ್ನೂ ಇಳಿದಿತ್ತು. ಕೈಯಲ್ಲಷ್ಟೇ ಅಲ್ಲ, ಸೊಂಟದಲ್ಲೂ. ಯಾಕಮ್ಮಾ ಸುಮ್ನೆ ಕೂತಿದೀರಿ ಅಂದ್ರೆ, 'ಮಗಳು ನನ್ನ ಕೈಗೆ ಪೆನ್ಶನ್ ಕೊಟ್ಬಿಟ್ಳು ಮೇಸ್ತ್ರಿ' ಅಂತ ನಕ್ರು."

ಚಿಕ್ಕಮ್ಮ ಅವನತ್ತ ಕಣ್ಣು ಬಿಟ್ಟಳು. ಅವನು ನಾಲಿಗೆ ಕಚ್ಚಿಕೊಂಡ.

*

"ಇನ್ಮೇಲೆ ನೀನು ಒಂದು ಹುಲ್ಲುಕಡ್ಡೀನೂ ಎತ್ತಬಾರ್ದು," ಎಂದಿದ್ದಳು ಮಗಳು, ಪ್ಲಾಸ್ಟರ್ ಬಿಚ್ಚಿದ ದಿನ.

"ಡಾಕ್ಟ್ರು ಹೇಳಿದ್ದು ಬೇರೆ."

"ಅವರಿಗೇನು? ಬಿದ್ರೆ ಬೀಳೋದು ಅವರಮ್ಮನಾ?"

ಮಾತಿನಲ್ಲಿ ಬಗ್ಗುವವಳಲ್ಲ ಅಮ್ಮ. ಮಗಳು ಹೊಲಿಗೆ ಮೆಷೀನಿನ ಬೆಲ್ಟನ್ನೇ ಬಿಚ್ಚಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಪ್ರೀತಿಗೆ ಬುದ್ಧಿ ಕಡಿಮೆ.

"ಹಾಗಾದ್ರೆ ನಾನೇನ್ ಮಾಡ್ಲೇ?"

"ಆರಾಮಾಗಿರು."

"ಆರಾಮ ಕಲಿಯೋ ವಯಸ್ಸಾ ಇದು?"

ಹೋದ ತಿಂಗಳು ತಲೆನೋವೆಂದು ಮಗಳು ಮಧ್ಯಾಹ್ನವೇ ಕೆಲಸದಿಂದ ಬಂದಾಗ, ಅಮ್ಮ ಮೆಷೀನಿನ ಪಕ್ಕ ನೆಲದ ಮೇಲಿದ್ದಳು. ಸೊಂಟ ಮುರಿದಿತ್ತು. "ಧೂಳು ಒರೆಸ್ತಿದ್ದೆ ಕಣೇ, ಬೈಬೇಡ," ಎಂದಳು. ಮಗಳು ಬೈದಳು. ಆಮೇಲೆ ಅಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ.

*

"ಮೆಷೀನು ಸರಿಸ್ಬೇಕು. ಸ್ಟ್ರೆಚರ್ ತಿರುಗಲ್ಲ," ಎಂದರು ಹೊರಗೆ ಕಾಯುತ್ತಿದ್ದ ಶವವಾಹನದವರು.

ಮೆಷೀನಿನ ಹೊದಿಕೆಯನ್ನು ಅಮ್ಮ ಬಿದ್ದಂದಿನಿಂದ ಯಾರೂ ಮುಟ್ಟಿರಲಿಲ್ಲ. ಮಗಳು ತೆಗೆದಳು. ಒಳಗೆ ಹಳೆಯ ದಿಂಬಿನ ಚೀಲವೊಂದು ಸೂಜಿಗೆ ಸಿಕ್ಕಿಕೊಂಡೇ ಇತ್ತು. ಅದರ ತುಂಬ ನೀಲಿ ದಾರದ ಸಾಲುಗಳು. ಮೊದಲಿನವು ಕುಡಿದವನ ನಡಿಗೆ. ಬರಬರುತ್ತಾ ನೆಟ್ಟಗಾಗಿದ್ದವು. ಬೆಲ್ಟ್ ಇಲ್ಲದಿದ್ದರೂ ಚಕ್ರವನ್ನು ಕೈಯಿಂದ ತಿರುಗಿಸಿದರೆ ಒಂದೊಂದೇ ಹೊಲಿಗೆ ಬೀಳುತ್ತದೆ. ಅವಳಿಗೆ ಅದು ಹೊಳೆದೇ ಇರಲಿಲ್ಲ. ಕೊನೆಯ ಸಾಲು ಅರ್ಧಕ್ಕೆ ನಿಂತಿತ್ತು.

"ಚಿಕ್ಕಮ್ಮಾ, ಅಮ್ಮ ಧೂಳು ಒರೆಸ್ತಿರ್ಲಿಲ್ಲ," ಎಂದಳು. "ನಾನು ಬಾಗಿಲು ತೆಗೆದ ಸದ್ದು ಕೇಳಿ... ಇದನ್ನ ಮುಚ್ಚೋಕೆ ಗಡಿಬಿಡೀಲಿ ಎದ್ದು ಬಿದ್ದಿದಾಳೆ."

ಚಿಕ್ಕಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಎತ್ಬಹುದಾಮ್ಮಾ?" ಹೊರಗಿನವರು ಮತ್ತೆ ಕೇಳಿದರು.

"ಒಂದ್ನಿಮಿಷ."

ಬಟ್ಟೆ ಬಿಡಿಸಲೆಂದು ಅವಳು ಚಕ್ರಕ್ಕೆ ಬಲಗೈ ಹಾಕಿದಳು. ಕೈ ತಾಗುವ ಕಡೆ ಬಣ್ಣ ಸವೆದು ಹೊಳೆಯುತ್ತಿತ್ತು. ತಿರುಗಿಸಿದಳು. ಸೂಜಿ ಮೇಲೆದ್ದಿತು, ಬಟ್ಟೆ ತುಸು ಮುಂದೆ ಸರಿಯಿತು, ನಿಲ್ಲಿಸುವಷ್ಟರಲ್ಲಿ ಸೂಜಿ ಮತ್ತೆ ಕೆಳಗಿಳಿದು ಅಮ್ಮನ ಸಾಲಿಗೆ ಇನ್ನೊಂದು ಹೊಲಿಗೆ ಹಾಕಿತು.