ಬರ್ತೀನಿ, ಇಂತಿ ಬೀಗದಕ್ಕ

ನನ್ನ ತಮ್ಮನ ಮುಖ ಕಂಡರೆ ನನಗೆ ಈಗ ಮೈಯೆಲ್ಲ ಉರಿಯುತ್ತದೆ. ಒಡಹುಟ್ಟಿದವನ ಬಗ್ಗೆ ಹಾಗೆಲ್ಲ ಅನ್ನಬಾರದು ಎಂದು ಚಿಕ್ಕಮ್ಮ ಎರಡು ಸಲ ಬಂದು ಬುದ್ಧಿ ಹೇಳಿ ಹೋದಳು. ಹೇಳಲಿ. ಅವಳ ಹೆಸರಿನಲ್ಲಿ ಯಾರೂ ಊರ ತುಂಬ ಸುಳ್ಳು ಅಂಟಿಸಿಲ್ಲ.

ನಾನು ಬೀಗ ರಿಪೇರಿ ಮಾಡುವವಳು. ನನ್ನ ಅಂಗಡಿ ಎಂದರೆ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಗೂಡು. ಒಂದು ಬೆಂಚು, ಕೀಲಿ ಕತ್ತರಿಸುವ ಯಂತ್ರ, ಅರಗಳ ಡಬ್ಬಿ. ಬೆನ್ನ ಹಿಂದೆ ಒಂದು ಹಲಗೆ, ಅದರ ತುಂಬ ಮೊಳೆ, ಮೊಳೆಗೊಂದು ಕೀಲಿ. ಅವೆಲ್ಲ ಸುತ್ತಲ ಬೀದಿಯವರ ಮನೆಯ ಎರಡನೇ ಕೀಲಿಗಳು. ಯಾರಾದರೂ ಹೊರಗೆ ಸಿಕ್ಕಿಹಾಕಿಕೊಂಡರೆ ನನಗೆ ಫೋನ್ ಮಾಡುತ್ತಾರೆ, ನಾನು ಒಯ್ದು ತೆರೆಯುತ್ತೇನೆ. ಯಾವ ಕೀಲಿಗೂ ಚೀಟಿ ಇಲ್ಲ, ನಂಬರಿಲ್ಲ. ಯಾವುದು ಯಾರದೆಂಬುದು ನನ್ನ ತಲೆಯಲ್ಲಿ ಮಾತ್ರ ಇದೆ. ಕಳ್ಳ ಬಂದು ಹಲಗೆಯನ್ನೇ ಹೊತ್ತೊಯ್ದರೂ ಅವನಿಗೆ ಸಿಗುವುದು ಬರೀ ಹಿತ್ತಾಳೆ.

ಅದು ಅಪ್ಪ ಕಲಿಸಿದ್ದು. ಅಪ್ಪ ಕಲಿಸಿದ ಇನ್ನೊಂದು ಎಂದರೆ, ಕೈ ಸಾಮಾನಿನ ಚೀಲದ ಮೇಲೆ ಬೀಳುವ ತನಕ ಫೋನಿನಲ್ಲಿ 'ಬರ್ತೀನಿ' ಅನ್ನಬಾರದು. ಬಾಗಿಲ ಹೊರಗೆ ನಿಂತವರಿಗೆ ಆ ಒಂದು ಮಾತೇ ಆಸರೆ, ಅದನ್ನು ಕೇಳಿದ ಮೇಲೆ ಅವರು ಬೇರೆ ದಾರಿ ಹುಡುಕುವುದನ್ನು ಬಿಟ್ಟುಬಿಡುತ್ತಾರೆ ಎನ್ನುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ನಾನು ಬರ್ತೀನಿ ಅಂದು ಹೋಗದೇ ಇದ್ದದ್ದಿಲ್ಲ. ಜ್ವರದಲ್ಲೂ ಹೋಗಿದ್ದೇನೆ. ಹಾಗಾಗಿಯೇ ಜನ ಬೀಗದಕ್ಕ ಅನ್ನುತ್ತಾರೆ. ನನ್ನ ನಿಜವಾದ ಹೆಸರು ಪಕ್ಕದ ಅಂಗಡಿಯವನಿಗೂ ಗೊತ್ತಿಲ್ಲ.

ಇನ್ನು ನಮ್ಮ ತಮ್ಮರಾಯ. ಅವನು ಹಿಂದೊಮ್ಮೆ ಒಂದು ವರ್ಷ ಕೂತು ಎಂಥದೋ ಆ್ಯಪ್ ಕಟ್ಟಿದ್ದ. ಹನ್ನೊಂದು ಜನ ಬಂದರು, ಅವರಲ್ಲಿ ಆರು ಜನ ನಮ್ಮ ನೆಂಟರು. ಅದಾದ ಮೇಲೆ ಅವನಿಗೆ ಜ್ಞಾನೋದಯವಾಯಿತು. ಮೊದಲು ಕಟ್ಟಬಾರದಂತೆ. ಇದೆ ಎಂದು ಸುಮ್ಮನೆ ಹೇಳಿ, ಎಷ್ಟು ಜನ ಬಂದು ತಟ್ಟುತ್ತಾರೆ ನೋಡಿ, ಆಮೇಲೆ ಕಟ್ಟಬೇಕಂತೆ. ಇದಕ್ಕೆ ಸುಳ್ಳು ಬಾಗಿಲು ಎಂದೇ ಹೆಸರು ಎಂದು ಹಲ್ಲು ಬಿಟ್ಟುಕೊಂಡು ಹೇಳಿದ. ಬೀಗದವಳ ಮುಂದೆ ಕೂತು ಸುಳ್ಳು ಬಾಗಿಲು ಅನ್ನುತ್ತೀಯಲ್ಲೋ ಎಂದು ನಾನೂ ನಕ್ಕೆ. ಈಗ ಆ ನಗೆಗೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅವನ ಹೊಸ ಯೋಚನೆ ಬೀಗದ್ದೇ. ಬಟನ್ ಒತ್ತಿದರೆ ಬೀಗದವರು ಮನೆ ಬಾಗಿಲಿಗೆ. ನಿನ್ನ ಹೆಸರು ಹಾಕಿಕೊಳ್ಳಲಾ ಎಂದು ಕೇಳಿದ. ನನ್ನ ಬಾಯಲ್ಲಿ ಅರ ಇತ್ತು, ಕೈಯಲ್ಲಿ ಬೀಗದ ಹೊಟ್ಟೆ ಬಿಚ್ಚಿಕೊಂಡಿತ್ತು. ಹಾಕ್ಕೋ ಅಂದೆ. ಬಟನ್ ಒತ್ತಿದವರ ಕರೆ ನನಗೆ ಬರುತ್ತದೆ ಎಂದುಕೊಂಡಿದ್ದೆ. ಮುಂದೆ ಏನೆಂದು ಕೇಳಲಿಲ್ಲ. ಅಷ್ಟು ತಪ್ಪು ನನ್ನದು, ಅದನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ.

ಅವನು ನಲವತ್ತು ಕಟ್ಟಡಗಳ ಲಿಫ್ಟಿನಲ್ಲಿ ಹಳದಿ ಚೀಟಿ ಅಂಟಿಸಿದ. ಹೊರಗೆ ಸಿಕ್ಕಿಕೊಂಡಿರಾ, ಫೋನಿನಲ್ಲಿ ಈ ಕೋಡ್ ಸ್ಕ್ಯಾನ್ ಮಾಡಿ ಬಟನ್ ಒತ್ತಿ, ಹದಿನೈದು ನಿಮಿಷದಲ್ಲಿ ಬೀಗದಕ್ಕ. ಎರಡು ವಾರ ಕಳೆದರೂ ನನಗೆ ಅದರಿಂದ ಒಂದು ಕರೆಯೂ ಬರಲಿಲ್ಲ. ನಿನ್ನ ಸುಳ್ಳು ಬಾಗಿಲನ್ನು ನೊಣವೂ ಮೂಸಲಿಲ್ಲವಲ್ಲೋ ಎಂದು ರೇಗಿಸಿದೆ. ಅವನು ಮುಗುಳ್ನಕ್ಕ.

ಮೂರನೇ ವಾರ, ಒಂದು ಮಂಗಳವಾರ ಹನ್ನೊಂದು ಗಂಟೆ. ನಾನು ಕೆಲಸವಿಲ್ಲದೆ ಹಳೇ ಕೀಲಿಗಳ ತುಕ್ಕು ಉಜ್ಜುತ್ತ ಕೂತಿದ್ದೆ. ಕರೆಂಟ್ ಮೀಟರ್ ಓದುವವನು ಓಡಿ ಬಂದು, ಟೀಚರಮ್ಮ ಮುಕ್ಕಾಲು ಗಂಟೆಯಿಂದ ಕಾಯುತ್ತಿದ್ದಾರೆ, ನೀವಿನ್ನೂ ಇಲ್ಲೇ ಕೂತಿದ್ದೀರಲ್ಲ ಅಂದ. ಟೀಚರಮ್ಮ ನಾಲ್ಕು ಬೀದಿ ಆಚೆ ಇರುವವರು, ನಿವೃತ್ತರು. ಪಾರ್ಶ್ವವಾಯು ಆದ ಗಂಡನನ್ನು ನೋಡಿಕೊಂಡು ಇದ್ದಾರೆ. ಅವರ ಕೀಲಿ ನನ್ನ ಹಲಗೆಯಲ್ಲಿ ಎರಡನೇ ಸಾಲಿನ ತುದಿಯಲ್ಲಿ ತೂಗುತ್ತಿತ್ತು. ಅದನ್ನು ಕಿತ್ತುಕೊಂಡು ಓಡಿದೆ.

ಅವರು ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಕಸ ಹಾಕಲು ಇಳಿದಿದ್ದರಂತೆ, ಗಾಳಿಗೆ ಬಾಗಿಲು ಹಾಕಿಕೊಂಡಿತು. ಗಂಡ ಒಳಗೆ. ಇವರು ತಟ್ಟಿದ ಸದ್ದು ಕೇಳಿ ತೆರೆಯೋಣವೆಂದು ಅವರು ತಾವೇ ಎದ್ದಿದ್ದಾರೆ. ಎದ್ದವರು ಬಿದ್ದಿದ್ದಾರೆ. ಒಳಗಿನಿಂದ ನರಳುವುದು ನನಗೂ ಕೇಳಿತು. ಟೀಚರಮ್ಮ ಬಾಗಿಲಿಗೆ ಬಾಯಿ ಹಚ್ಚಿ, ಬಂದ್ರು, ಇಗೋ ಬಂದ್ರು ಅನ್ನುತ್ತಿದ್ದರು. ಮುಕ್ಕಾಲು ಗಂಟೆ ಅದನ್ನೇ ಹೇಳಿರಬೇಕು, ಗಂಟಲು ಕಟ್ಟಿತ್ತು.

ಕೀಲಿ ಹಾಕಿದೆ, ತಿರುಗಿಸಿದೆ, ತೆರೆಯಿತು. ಎರಡು ಕ್ಷಣದ ಕೆಲಸ. ಯಜಮಾನರು ನಡುಮನೆಯಲ್ಲಿ ಒಂದು ಪಕ್ಕಕ್ಕೆ ಬಿದ್ದಿದ್ದರು, ಸೊಂಟದ ಮೂಳೆ ಮುರಿದಿತ್ತು. ಆಂಬುಲೆನ್ಸ್ ಬರುವ ತನಕ ನಾನು ಅವರ ತಲೆ ಹಿಡಿದುಕೊಂಡು ಕೂತೆ. ನನಗೇ ಒಂದು ಫೋನ್ ಮಾಡಬಾರದಿತ್ತಾ ಎಂದು ಟೀಚರಮ್ಮನನ್ನು ಕೇಳಿದೆ. ಅವರು ತಮ್ಮ ಫೋನನ್ನು ನನ್ನ ಮುಖಕ್ಕೆ ಹಿಡಿದರು. ಹಳದಿ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಬರ್ತೀನಿ. ಇಂತಿ, ಬೀಗದಕ್ಕ.

"ಬರ್ತೀನಿ ಅಂದಿದ್ರಲ್ಲಮ್ಮ," ಅಂದರು. "ಮತ್ತೆ ಮತ್ತೆ ಫೋನ್ ಮಾಡಿ ತೊಂದ್ರೆ ಕೊಡೋದ್ಯಾಕೆ ಅಂತ ಸುಮ್ನಾದೆ."

ಅದು ನಾನಲ್ಲ ಎಂದೆ. ತಮ್ಮ ಎಂದೆ, ಪರೀಕ್ಷೆ ಎಂದೆ, ಆ ಬಟನ್ನಿನ ಕರೆ ನನಗೆ ಬಂದೇ ಇಲ್ಲ ಎಂದೆ. ನನ್ನ ಕಿವಿಗೇ ಅದು ಕುಂಟುನೆಪದಂತೆ ಕೇಳಿತು.

ಆ ಮಧ್ಯಾಹ್ನವೇ ಕೆತ್ತುವ ಚಾಕು ಹಿಡಿದು ಹಳದಿ ಚೀಟಿ ಕೀಳುತ್ತ ಒಂದೊಂದು ಕಟ್ಟಡವನ್ನೂ ಹತ್ತಿ ಇಳಿದೆ. ಎರಡು ದಿನ ಹಿಡಿಯಿತು. ಎರಡು ಲಿಫ್ಟಿನಲ್ಲಿ ಯಾರೋ ಆಗಲೇ ಪೆನ್ನಿನಿಂದ ನನ್ನ ಹೆಸರಿನ ಮುಂದೆ ಕೆಟ್ಟ ಮಾತು ಬರೆದಿದ್ದರು. ಹಾಗಾದರೆ ಟೀಚರಮ್ಮ ಒಬ್ಬರೇ ಅಲ್ಲ. ಕಾದು ಕಾದು ಸಾಕಾಗಿ ನನ್ನನ್ನು ಬೈದುಕೊಂಡು ಹೋದವರು ಇನ್ನೆಷ್ಟು ಜನರೋ.

ವಾರ ಕಳೆದು ಟೀಚರಮ್ಮ ಅಂಗಡಿಗೆ ಬಂದರು. ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಯಜಮಾನರು ಇನ್ನು ಎದ್ದು ನಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ತಿಳಿಸಿದರು. ತಮ್ಮ ಕೀಲಿ ಕೇಳಿದರು, ಕೊಟ್ಟೆ. ಹದಿನಾಲ್ಕು ವರ್ಷದಿಂದ ಅವರು ನನ್ನ ಅಂಗಡಿಗೆ ಬಂದವರು ಬರ್ತೀನಮ್ಮ ಎನ್ನದೆ ಹೊರಟದ್ದಿಲ್ಲ. ಅವತ್ತು ಕೀಲಿಯನ್ನು ಪರ್ಸಿಗೆ ಹಾಕಿಕೊಂಡು, "ಹೋಗ್ತೀನಿ," ಅಂದರು. ಮಕ್ಕಳಿಗೆ ಮಾತು ಕಲಿಸಿದವರು. ಬಾಯಿ ತಪ್ಪಿ ಅಂದವರಲ್ಲ.

ಆಮೇಲೆ ಒಬ್ಬೊಬ್ಬರಾಗಿ ತಮ್ಮ ಕೀಲಿ ಕೇಳಿಕೊಂಡು ಬಂದರು. ಒಬ್ಬರಿಗೆ ಬೀಗ ಬದಲಾಯಿಸಬೇಕಿತ್ತಂತೆ, ಇನ್ನೊಬ್ಬರ ಮಗಳು ಹತ್ತಿರಕ್ಕೇ ಮನೆ ಮಾಡಿದ್ದಾಳಂತೆ. ಯಾರೂ ನಿಜವಾದ ಕಾರಣ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಹದಿನೈದು ದಿನದಲ್ಲಿ ಹಲಗೆಯ ಮೇಲೆ ಕೀಲಿಗಿಂತ ಬರೀ ಮೊಳೆಯೇ ಹೆಚ್ಚಾಯಿತು.

ಅಷ್ಟು ದಿನ ಫೋನೂ ಎತ್ತದ ತಮ್ಮ ಮೊನ್ನೆ ಬಂದ. ಹೊಸ ಶರ್ಟು, ಕಂಕುಳಲ್ಲಿ ಲ್ಯಾಪ್‌ಟಾಪು. ದುಡ್ಡು ಹಾಕುವವರು ಗುರುವಾರ ಕರೆದಿದ್ದಾರಂತೆ, ನಾನೂ ಜೊತೆಗೆ ಬಂದು ಒಂದೈದು ನಿಮಿಷ ನಿಂತರೆ ಸಾಕಂತೆ. ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ತೋರಿಸಿದ. ಮೂರು ವಾರದಲ್ಲಿ ಇನ್ನೂರ ಹನ್ನೆರಡು ಜನ ಒತ್ತಿದ್ದರು. ಅವನಿಗೆ ಅದಕ್ಕಿಂತ ಬೇಕಿದ್ದದ್ದು ಬೇರೆ ಲೆಕ್ಕ. ಒತ್ತಿದವರು ಎಷ್ಟು ಹೊತ್ತು ಕಾಯುತ್ತಾರೆ, ಯಾವಾಗ ಸಾಕಾಗಿ ಬಿಡುತ್ತಾರೆ. ಶೀಘ್ರದಲ್ಲೇ ಬರಲಿದೆ ಎಂದು ತೋರಿಸಿದರೆ ಜನ ತಕ್ಷಣ ಮುಚ್ಚಿಬಿಡುತ್ತಿದ್ದರಂತೆ. ಬರ್ತೀನಿ ಎಂದು ಹಾಕಿದ ಮೇಲೆ ಕಾದರಂತೆ. ಅಪ್ಪನ ಮಾತು ನೆನಪಾಯಿತು, ಅದಕ್ಕೇ ಆ ಪದ ಹಾಕಿದೆ ಎಂದು ಹೆಮ್ಮೆಯಿಂದ ಬೇರೆ ಹೇಳಿದ.

ಟೀಚರಮ್ಮನ ಸುದ್ದಿ ಗೊತ್ತಾ ಎಂದು ಕೇಳಿದೆ. ಗೊತ್ತಿತ್ತು. ಪಾಪ, ಅಂದ. ಆಮೇಲೆ ದನಿ ತಗ್ಗಿಸಿ, ನನಗೆ ಸಮಾಧಾನವಾಗಲಿ ಎಂಬಂತೆ ಹೇಳಿದ:

"ಅವರದನ್ನ ಲೆಕ್ಕದಿಂದ ತೆಗೆದುಬಿಟ್ಟೆ ಅಕ್ಕ. ಮುಕ್ಕಾಲು ಗಂಟೆ ಯಾರೂ ಕಾಯಲ್ಲ, ಅದೊಂದರಿಂದ ಸರಾಸರಿ ಕೆಡ್ತಿತ್ತು."

ಕೈಗೆ ಸುತ್ತಿಗೆ ಸಿಗದಿರಲಿ ಎಂದು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಕಟ್ಟುವ ಮೊದಲು ಕೇಳಿ ನೋಡುವುದು ತಪ್ಪಲ್ಲ. ನಾನೂ ಕಷ್ಟದ ಕೀಲಿಯನ್ನು ಮೊದಲು ತಗಡಿನಲ್ಲಿ ಕತ್ತರಿಸಿ ನೋಡುತ್ತೇನೆ.

"ತಗಡಿನ ಕೀಲಿ ನನ್ನ ಬೆಂಚಿನ ಮೇಲೆ ಮುರಿಯುತ್ತೆ ಕಣೋ," ಅಂದೆ. "ಅದನ್ನ ಗಿರಾಕಿ ಕೈಗೆ ಕೊಟ್ಟು ಮನೆಗೆ ಹೋಗಿ ಅನ್ನಲ್ಲ ನಾನು."

ಅವನು ಇದೆಲ್ಲ ಭಾವನೆಯ ಮಾತು ಎಂದ. ಕೊನೆಯಲ್ಲಿ ನನ್ನ ಹೆಸರಿಗೇ ಬೆಲೆ ಬಂತಲ್ಲ ಎಂದ. ಬೆಲೆಯಂತೆ. ನಾನು ಎದ್ದು ಹಲಗೆಯ ಮೂಲೆಯಿಂದ ಒಂದು ಕೀಲಿ ತೆಗೆದು ಲ್ಯಾಪ್‌ಟಾಪಿನ ಮೇಲಿಟ್ಟೆ. ಅವನ ಮನೆಯದು. ಅವನು ಮದುವೆಯಾಗಿ ಬೇರೆ ಹೋದ ದಿನದಿಂದ ನನ್ನ ಹತ್ತಿರವೇ ಇತ್ತು. ಎಂಟು ಸಲವಾದರೂ ಅದನ್ನು ಒಯ್ದು ಅವನ ಬಾಗಿಲು ತೆರೆದಿದ್ದೇನೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ತಮಾಷೆ ಮಾಡ್ತಿದೀಯಾ ಎಂದ.

ಲ್ಯಾಪ್‌ಟಾಪು ಮುಚ್ಚಿ, ಕೀಲಿ ಜೇಬಿಗೆ ಹಾಕಿಕೊಂಡು ಎದ್ದ. ಹೊಸ್ತಿಲ ಹತ್ತಿರ ಹೋಗಿ ಎಂದಿನ ಅಭ್ಯಾಸದಲ್ಲಿ, "ಬರ್ತೀನಿ ಅಕ್ಕ," ಅಂದ.

"ಆ ಮಾತು ಇಲ್ಲೇ ಬಿಟ್ಟು ಹೋಗು," ಅಂದೆ. "ಹೋಗ್ತೀನಿ ಅನ್ನು."

ಅವನು ಅಲ್ಲೇ ನಿಂತ. ಇವಳು ಎಷ್ಟು ಹೊತ್ತು ಕಾಯುತ್ತಾಳೆ ನೋಡೋಣ ಅಂದುಕೊಂಡನೋ ಏನೋ. ನಾನು ಕಾದೆ.

"ಹೋಗ್ತೀನಿ," ಅಂದ.